ಹವಾ ಬದಲಿಗೆ ಹೋದವರು



ಸೀಜನ್ ಎನ್ನುವ ಮಾತು ನಮ್ಮ ಭಾಗದಲ್ಲಿ ಯಾವ ಭಾಷೆಗೂ ಪರಕೀಯವಾಗಿ ಉಳಿದಿಲ್ಲ. ಕನ್ನಡ ಆಡುವವರೂ ಸೀಜನ್ ಎನ್ನುತ್ತಾರೆ, ತೆಲುಗು ಆಡುವವರೂ ಎನ್ನುತ್ತಾರೆ, ದಖನಿ ಉರ್ದುವಿನಲ್ಲೂ ಅದೇ ಮಾತು. ಜಹೀರಾಬಾದಿನ ಕಡೆ ಕಬ್ಬಿನ ಸೀಜನ್. ತಾಂಡೂರಿನ ಅಡತಿ ಅಂಗಡಿಗಳಲ್ಲಿ ತೊಗರಿಯ ಸೀಜನ್. ನಾರಾಯಣಖೇಡದ ಸುತ್ತಿನ ತಾಂಡಾಗಳಲ್ಲಿ ದೀಪಾವಳಿ ಮುಗಿಯಿತೆಂದರೆ ಗುಳೆ ಹೋಗುವ ಸೀಜನ್.

ಯುರೋಪ್ ಖಂಡದ ಸಿರಿವಂತರಿಗೂ ಇಂಥದೊಂದು ಸೀಜನ್ ಇತ್ತು, ಈಗಲೂ ಇದೆ. ವರ್ಷದಲ್ಲಿ ಇಷ್ಟು ತಿಂಗಳು ಸಮುದ್ರದ ದಂಡೆಯಲ್ಲಿ, ಇಷ್ಟು ತಿಂಗಳು ಬೆಟ್ಟದ ಮೇಲೆ. ಮನೆ, ಆಳು, ಪೆಟ್ಟಿಗೆ, ನಾಯಿ ಎಲ್ಲವನ್ನೂ ಕಟ್ಟಿಕೊಂಡು ಹವಾ ಬದಲಿಗೆ ಹೋಗುವುದು. ಈ ಹೊತ್ತು ಆ ಪ್ರವಾಸದ ವಿಷಯ ಮಾತಾಡಬೇಕೆಂದಿದ್ದೇನೆ. ಅವರ ಮೋಜು ಕಟ್ಟಿಕೊಂಡು ನಮಗೇನಾಗಬೇಕು ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ತಾಂಡೂರು ಸ್ಟೇಷನ್ನಿನ ರೈಲು ಹಳಿಗೂ, ನಮ್ಮ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಹೋಗುವ ಒಂದು ದವಾಖಾನೆಯ ಹೆಸರಿಗೂ ಆ ಸಮುದ್ರದ ದಂಡೆಗೂ ನಂಟು ಇದೆ. ಅಲ್ಲಿಗೆ ಬರುತ್ತೇನೆ. ಮೊದಲು ಆ ದಂಡೆ ಯಾವುದು ಎಂದು ತಿಳಿಯೋಣ.

ಫ್ರಾನ್ಸ್ ದೇಶದ ದಕ್ಷಿಣದ ಅಂಚಿನಲ್ಲಿ, ಇಟಲಿಯ ಗಡಿಗೆ ಸಮೀಪದಲ್ಲಿ, ನೀಸ್ ಎಂಬ ನಗರವಿದೆ. ಮುಂದೆ ಮೆಡಿಟರೇನಿಯನ್ ಸಮುದ್ರ, ಬೆನ್ನಿಗೆ ಆಲ್ಪ್ಸ್ ಪರ್ವತ. ಉತ್ತರದಿಂದ ಬೀಸುವ ಚಳಿಗಾಳಿಯನ್ನು ಬೆಟ್ಟ ತಡೆಯುತ್ತದೆ. ಹೀಗಾಗಿ ಲಂಡನ್ ನಗರದಲ್ಲಿ ಡಿಸೆಂಬರ್ ತಿಂಗಳ ಮಧ್ಯಾಹ್ನ ನಾಲ್ಕಕ್ಕೇ ಕತ್ತಲೆ ಕವಿಯುವಾಗ, ಇಲ್ಲಿ ಬಿಸಿಲು ಬಿದ್ದು ಕಿತ್ತಳೆ, ನಿಂಬೆ ಗಿಡಗಳು ಹಸಿರಾಗಿರುತ್ತವೆ. ನಮಗೆ ಬಿಸಿಲೆಂದರೆ ತಪ್ಪಿಸಿಕೊಳ್ಳುವ ವಸ್ತು. ಅವರಿಗೆ ದುಡ್ಡು ಕೊಟ್ಟು ಕೊಳ್ಳುವ ವಸ್ತು. ಮೇ ತಿಂಗಳಲ್ಲಿ ಜಹೀರಾಬಾದ್ ಬಸ್ ನಿಲ್ದಾಣದಲ್ಲಿ ಒಂದು ತಾಸು ನಿಂತವರಿಗೆ ಇದು ನಂಬುವ ಮಾತಲ್ಲ, ಆದರೂ ನಿಜ.

ಮೊದಮೊದಲು ಅಲ್ಲಿಗೆ ಬಂದವರು ಮೋಜಿಗೆ ಬಂದವರಲ್ಲ, ರೋಗಿಗಳು. 1763ರಲ್ಲಿ ಟೋಬಿಯಾಸ್ ಸ್ಮಾಲೆಟ್ ಎಂಬಾತ, ವೈದ್ಯನೂ ಹೌದು ಕಾದಂಬರಿಕಾರನೂ ಹೌದು, ಎದೆಯ ಬೇನೆ ಹೊತ್ತುಕೊಂಡು ನೀಸ್‌ಗೆ ಬಂದ. 1766ರಲ್ಲಿ ಪ್ರವಾಸದ ಪುಸ್ತಕ ಅಚ್ಚು ಹಾಕಿಸಿದ. ಊಟ ಸರಿಯಿಲ್ಲ, ಛತ್ರ ಸರಿಯಿಲ್ಲ, ಜನ ಸರಿಯಿಲ್ಲ ಎಂದು ಎಲ್ಲವನ್ನೂ ಬೈದ ಮನುಷ್ಯ, ಹವೆಯನ್ನು ಮಾತ್ರ ಹೊಗಳಿದ. ಅಷ್ಟು ಸಾಕಾಯಿತು. ಇಂಗ್ಲೆಂಡಿನ ಉಳ್ಳವರು ಚಳಿಗಾಲ ಬಂತೆಂದರೆ ನೀಸ್ ದಾರಿ ಹಿಡಿಯತೊಡಗಿದರು. ಪಕ್ಕದ ಕಾನ್ ಎಂಬ ಊರು ಪ್ರಸಿದ್ಧಿಗೆ ಬಂದದ್ದಂತೂ ಗಡಿಯ ತಂಟೆಯಿಂದ. 1834ರಲ್ಲಿ ಲಾರ್ಡ್ ಬ್ರೂಮ್ ಎಂಬ ದೊಡ್ಡ ಮನುಷ್ಯ ನೀಸ್‌ಗೆ ಹೊರಟಿದ್ದ. ಆಗ ನೀಸ್ ಫ್ರಾನ್ಸಿಗೆ ಸೇರಿರಲಿಲ್ಲ, ಸಾರ್ಡೀನಿಯದ ಅರಸನ ಸೀಮೆಯಾಗಿತ್ತು. ಕಾಲರಾ ಭಯದಿಂದ ಗಡಿ ಮುಚ್ಚಿದ್ದರು. ಚೆಕ್‌ಪೋಸ್ಟಿನಿಂದ ಹಿಂದಿರುಗಿದ ಆತ ಕಾನ್ ಎಂಬ ಮೀನುಗಾರರ ಹಳ್ಳಿಯಲ್ಲಿ ಉಳಿದ, ಊರು ಮನಸ್ಸಿಗೆ ಬಂತು, ಅಲ್ಲೇ ಬಂಗಲೆ ಕಟ್ಟಿಸಿದ. ಚೆಕ್‌ಪೋಸ್ಟಿನಲ್ಲಿ ಲಾರಿ ನಿಂತರೆ ನಮ್ಮಲ್ಲಿ ಒಂದು ಚಹಾದ ಅಂಗಡಿ ಹುಟ್ಟುತ್ತದೆ. ಅಲ್ಲಿ ಒಂದು ಶಹರವೇ ಹುಟ್ಟಿತು.

ನೀಸ್ ಸಮುದ್ರದ ಗುಂಟ ಈಗ ಜಗತ್ಪ್ರಸಿದ್ಧವಾದ ಒಂದು ರಸ್ತೆಯಿದೆ. ಇಂಗ್ಲಿಷರ ವಿಹಾರ ರಸ್ತೆ ಎಂದೇ ಅದರ ಹೆಸರು. ಅದು ಹುಟ್ಟಿದ ಬಗೆಯನ್ನು ನಮ್ಮ ಹಿರಿಯರು ಕೇಳಬೇಕು. 1820ರ ದಶಕದ ಮೊದಲಲ್ಲಿ ಒಂದು ವರ್ಷ ಅಲ್ಲಿ ಎಂದೂ ಬೀಳದಂಥ ಚಳಿ ಬಿದ್ದು ಕಿತ್ತಳೆ ತೋಟಗಳು ಸುಟ್ಟುಹೋದವು. ತೋಟದ ಕೂಲಿಯನ್ನೇ ನಂಬಿದ್ದ ಜನ ಬೀದಿಗೆ ಬಂದು ಭಿಕ್ಷೆಗೆ ನಿಂತರು. ಚಳಿಗಾಲ ಕಳೆಯಲು ಬಂದಿದ್ದ ಇಂಗ್ಲಿಷರಲ್ಲಿ ಲೂಯಿಸ್ ವೇ ಎಂಬ ಪಾದ್ರಿ ಚಂದಾ ಎತ್ತಿ, ಅದೇ ಜನರಿಗೆ ಕೂಲಿ ಕೊಟ್ಟು, ಸಮುದ್ರದ ದಂಡೆಗುಂಟ ನಡೆಯಲಿಕ್ಕೆ ಒಂದು ಕಾಲುದಾರಿ ಹಾಕಿಸಿದ. ಅದೇ ಮುಂದೆ ಅಗಲವಾಗಿ ಇವತ್ತಿನ ರಸ್ತೆಯಾಯಿತು. 1972ರ ಬರಗಾಲದಲ್ಲಿ ಖಡಿ ಒಡೆದವರು, ಕೆರೆಯ ಮಣ್ಣು ಹೊತ್ತವರು ಇನ್ನೂ ನಮ್ಮ ಊರುಗಳಲ್ಲಿ ಇದ್ದಾರೆ. ಅವರಿಗೆ ಇಂಥ ರಸ್ತೆ ಹೇಗೆ ಆಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಜಗತ್ತಿನ ಸಿರಿವಂತರು ಬೆಳ್ಳಿ ಹಿಡಿಯ ಕೋಲು ಹಿಡಿದು ಅಡ್ಡಾಡಿದ ಆ ದಾರಿ, ಮೂಲದಲ್ಲಿ ಒಂದು ಬರಗಾಲದ ಕಾಮಗಾರಿ.

ನೀಸ್ ಜನರೂ ನಮ್ಮ ಹಾಗೆ ಗಡಿಯವರೇ. 1860ರಲ್ಲಿ ಸಾರ್ಡೀನಿಯದ ಅರಸ ಆ ನಗರವನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟ. ಜನರಿಂದ ಮತ ಹಾಕಿಸಿದ ಶಾಸ್ತ್ರವೂ ಆಯಿತು. ಇಟಲಿಯನ್ನು ಒಂದುಗೂಡಿಸಿದ ವೀರ ಗ್ಯಾರಿಬಾಲ್ಡಿ ಹುಟ್ಟಿದ್ದು ನೀಸ್‌ನಲ್ಲಿ. ತನ್ನನ್ನು ತನ್ನ ಹುಟ್ಟೂರಿನಲ್ಲೇ ಪರದೇಶಿಯಾಗಿಸಿದರು ಎಂಬ ಸಿಟ್ಟು ಅವನಿಗೆ ಕೊನೆಯವರೆಗೂ ಆರಲಿಲ್ಲ. ಮನೆಯಲ್ಲಿ ನಿಸಾರ್ ಎಂಬ ಊರ ಮಾತು, ಕಚೇರಿಯಲ್ಲಿ ಫ್ರೆಂಚ್, ಗಡಿಯಾಚೆಯ ಬೀಗರೊಡನೆ ಇಟಲಿಯ ಮಾತು. ನಮಗೂ 1956ರ ನವೆಂಬರ್ 1 ನೆನಪಿದೆಯಲ್ಲವೇ? ಅಲ್ಲಿಯವರೆಗೆ ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು ಬೀದರ್ ಜಿಲ್ಲೆಯವು. ತಾಂಡೂರು ಗುಲ್ಬರ್ಗಾ ಜಿಲ್ಲೆಯದು. ಆ ದಿನ ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲೂಕು ಆಂಧ್ರಪ್ರದೇಶಕ್ಕೆ ಹೋಯಿತು. ಬೀದರ್ ತಾಲೂಕಿನ ನ್ಯಾಲಕಲ್ ಸರ್ಕಲ್ಲೂ, ನಾರಾಯಣಖೇಡವೂ, ತಾಂಡೂರೂ ಹೋದವು. 2014ರಲ್ಲಿ ತೆಲಂಗಾಣವಾಯಿತು. ಮನೆ ಕದಲದೆ ಮೂರು ರಾಜ್ಯ ಕಂಡ ಮುದುಕರು ನಮ್ಮಲ್ಲಿದ್ದಾರೆ.

ಇರಲಿ, ಸೀಜನ್ನಿಗೆ ಬರೋಣ. 1864ರಲ್ಲಿ ನೀಸ್‌ಗೆ ರೈಲು ಬಂದ ಮೇಲೆ ದೊಡ್ಡವರ ಜಾತ್ರೆ ನೆರೆಯಿತು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ರಷ್ಯದ ರಾಜಕುಮಾರರು, ಜರ್ಮನಿಯ ಕಾರ್ಖಾನೆಯವರು, ಅಮೆರಿಕದ ಸಾಹುಕಾರರು ಅಲ್ಲಿರುತ್ತಿದ್ದರು. ವಿಕ್ಟೋರಿಯಾ ರಾಣಿ 1895ರಿಂದ 1899ರವರೆಗೆ ವರ್ಷವರ್ಷವೂ ಹೋದಳು. ಅವಳ ಸಲುವಾಗಿಯೇ ಎಂಬಂತೆ ಗುಡ್ಡದ ಮೇಲೆ ಅರಮನೆಯಂಥ ಹೋಟೆಲ್ 1897ರಲ್ಲಿ ಎದ್ದಿತು. ಅವಳ ಪರಿವಾರದಲ್ಲಿ ನಮ್ಮ ದೇಶದ ಅಬ್ದುಲ್ ಕರೀಮ್ ಎಂಬ ಮುನ್ಷಿಯೂ ಇರುತ್ತಿದ್ದ. ರಾಣಿಗೆ ಉರ್ದು ಅಕ್ಷರ ತಿದ್ದಿಸಿದವನು ಅವನೇ. 1922ರಿಂದ ಕ್ಯಾಲೆ ಬಂದರಿನಿಂದ ಈ ದಂಡೆಗೆ ನೀಲಿ ಬಣ್ಣದ ಡಬ್ಬಿಗಳ ರೈಲು ಓಡತೊಡಗಿತು. ಎಲ್ಲವೂ ಫಸ್ಟ್ ಕ್ಲಾಸ್. ಮಲಗಲು ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಊಟದ ಡಬ್ಬಿಯಲ್ಲಿ ಬೆಳ್ಳಿಯ ಸಾಮಾನು. ರಾತ್ರಿ ಮಂಜಿನಲ್ಲಿ ಮಲಗಿದವರು ಬೆಳಗ್ಗೆ ಸಮುದ್ರದ ಬಿಸಿಲಿನಲ್ಲಿ ಕಣ್ಣು ಬಿಡುತ್ತಿದ್ದರು. ಬೇಸಗೆ ಬಂತೆಂದರೆ ಹೋಟೆಲುಗಳ ಕದ ಮುಚ್ಚಿ ಕಿಟಕಿಗೆ ಹಲಗೆ ಬಡಿಯುತ್ತಿದ್ದರು. ಬೇಸಗೆಯಲ್ಲೂ ಸಮುದ್ರಕ್ಕೆ ಹೋಗುವ ಚಾಳಿ ಶುರುವಾದದ್ದು 1920ರ ದಶಕದಲ್ಲಿ, ಅದೂ ಅಮೆರಿಕದವರಿಂದ. ಮೈ ಕಪ್ಪಾಗಿಸಿಕೊಳ್ಳುವುದು ಫ್ಯಾಷನ್ ಆಯಿತು. ಗದ್ದೆಯಲ್ಲಿ ದುಡಿದು ಕಪ್ಪಾದವರ ಮೈಯನ್ನು ಅಲ್ಲಿಯವರೆಗೆ ಕೀಳೆಂದು ಕಂಡವರೇ, ನೋಡಿ, ಮರಳಿನ ಮೇಲೆ ಎಣ್ಣೆ ಹಚ್ಚಿಕೊಂಡು ಮಲಗಿದರು.

ಬೆಟ್ಟದ ಕಥೆ ಇದಕ್ಕೆ ತಿರುವುಮುರುವು. ಸ್ವಿಟ್ಜರ್ಲೆಂಡಿನ ಬೆಟ್ಟಗಳಿಗೆ ಜನ ಬರುತ್ತಿದ್ದದ್ದು ಬೇಸಗೆಯಲ್ಲಿ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಕಟ್ಟುತ್ತಿತ್ತು. ಸೇಂಟ್ ಮೊರಿಟ್ಸ್ ಎಂಬ ಊರಲ್ಲಿ ಯೊಹಾನ್ನೆಸ್ ಬಾದ್ರುತ್ ಎಂಬ ಹೋಟೆಲಿನವನು 1864ರ ಬೇಸಗೆಯ ಕೊನೆಗೆ ತನ್ನ ಇಂಗ್ಲಿಷ್ ಅತಿಥಿಗಳೊಡನೆ ಪಣ ಕಟ್ಟಿದನೆಂದು ಹೇಳುತ್ತಾರೆ: ಚಳಿಗಾಲದಲ್ಲಿ ಬನ್ನಿ, ಇಲ್ಲಿ ಬಿಸಿಲಿರುತ್ತದೆ, ನನ್ನ ಮಾತು ಸುಳ್ಳಾದರೆ ನಿಮ್ಮ ದಾರಿಖರ್ಚು ನನ್ನದು. ಬಂದವರು ತಿಂಗಳುಗಟ್ಟಲೆ ಉಳಿದರಂತೆ. ಹಿಮದ ಮೇಲೆ ಜಾರುವ ಆಟ, ಹೆಪ್ಪುಗಟ್ಟಿದ ಕೆರೆಯ ಮೇಲೆ ಕುದುರೆ ಓಟ, ಎಲ್ಲ ಆಮೇಲಿನ ಬೆಳವಣಿಗೆ. ಈಗ ಆ ಬೆಟ್ಟಗಳಲ್ಲಿ ಹಿಮವೇ ಕಡಿಮೆಯಾಗುತ್ತಿದೆ. ಯಂತ್ರದಿಂದ ಹಿಮ ಉಗುಳಿಸಿ ಇಳಿಜಾರಿಗೆ ಹಾಸುತ್ತಾರೆ. ಮಳೆ ಬಾರದಿದ್ದರೆ ನಾವು ಬೋರ್ ಕೊರೆದ ಹಾಗೆ.

ಡಾವೋಸ್ ಎಂಬ ಇನ್ನೊಂದು ಊರಿಗೆ 1860ರ ದಶಕದಿಂದ ಕ್ಷಯರೋಗಿಗಳು ಬರತೊಡಗಿದರು. ಎತ್ತರದ ಒಣಹವೆ ಎದೆಗೆ ಒಳ್ಳೆಯದು ಎಂದು ಅಲೆಕ್ಸಾಂಡರ್ ಶ್ಪೆಂಗ್ಲರ್ ಎಂಬ ಡಾಕ್ಟರ್ ಹೇಳಿದ. ರೋಗಿಗಳನ್ನು ಕಂಬಳಿ ಹೊದಿಸಿ ವರಾಂಡಾದಲ್ಲಿ ತಾಸುಗಟ್ಟಲೆ ಮಲಗಿಸುತ್ತಿದ್ದರು. ಔಷಧಿ ಕಂಡುಹಿಡಿದಿರದ ಕಾಲ, ಹವೆಯೇ ಔಷಧಿ. ಈ ಪದ್ಧತಿ ನಮ್ಮ ತನಕವೂ ಬಂತು. ವಿಕಾರಾಬಾದ್ ಹತ್ತಿರದ ಅನಂತಗಿರಿ ಗುಡ್ಡವನ್ನು ತಾಂಡೂರಿನವರು ಅನಂತಪದ್ಮನಾಭನ ಜಾತ್ರೆಗಾಗಿ ಬಲ್ಲರು. ಮೂಸಿ ನದಿ ಹುಟ್ಟುವುದೂ, ನಮ್ಮ ಕಾಗಿಣಾ ಹುಟ್ಟುವುದೂ ಆ ಸೀಮೆಯಲ್ಲೇ. ನಿಜಾಮರ ಆಳ್ವಿಕೆಯ ಕೊನೆಗಾಲದಲ್ಲಿ ಆ ಕಾಡಿನ ನಡುವೆ ಕ್ಷಯರೋಗಿಗಳ ದವಾಖಾನೆ ಕಟ್ಟಿದರು. ಡಾವೋಸಿನ ವರಾಂಡಾ ಅನಂತಗಿರಿಯ ಕಾಡಿಗೆ ಬಂದಂತಾಯಿತು. ಒಂದೇ ಭೇದ. ಡಾವೋಸಿಗೆ ಹೋಗಲು ಹಣವುಳ್ಳ ರೋಗಿಯಾಗಬೇಕಿತ್ತು. ಅನಂತಗಿರಿಯಲ್ಲಿ ಕೂಲಿಯವರೂ ಮಲಗಿ ಎದ್ದು ಬಂದರು.

ಇಷ್ಟು ಹೊತ್ತು ಹೋದವರ ಮಾತಾಯಿತು. ಅವರಿಗೆ ನೀರು ಕಾಯಿಸಿದವರು, ಪೆಟ್ಟಿಗೆ ಹೊತ್ತವರು ಯಾರು? ಅವರೂ ಸೀಜನ್ನಿನ ಪ್ರವಾಸಿಗಳೇ. ಹೋಟೆಲಿನ ಅಡಿಗೆಯವರು, ಮಾಣಿಗಳು, ಹಾಸಿಗೆ ಹಾಸುವ ಹೆಂಗಸರು ಚಳಿಗಾಲದಲ್ಲಿ ಸಮುದ್ರದ ಹೋಟೆಲುಗಳಿಗೂ ಬೇಸಗೆಯಲ್ಲಿ ಬೆಟ್ಟದ ಹೋಟೆಲುಗಳಿಗೂ ಧಣಿಗಳ ಹಿಂದೆ ಹಿಂದೆ ಹೋಗುತ್ತಿದ್ದರು. ರಿಟ್ಸ್ ಎಂದರೆ ಇಂದಿಗೂ ಭಾರೀ ಹೋಟೆಲೆಂದೇ ಅರ್ಥ. ಆ ಹೆಸರಿನ ಸೆಸಾರ್ ರಿಟ್ಸ್ 1850ರಲ್ಲಿ ಸ್ವಿಟ್ಜರ್ಲೆಂಡಿನ ನೀಡರ್‌ವಾಲ್ಡ್ ಎಂಬ ಬೆಟ್ಟದ ಹಳ್ಳಿಯಲ್ಲಿ ರೈತನೊಬ್ಬನ ಹದಿಮೂರನೆಯ ಮಗುವಾಗಿ ಹುಟ್ಟಿದವನು. ತಟ್ಟೆ ಎತ್ತುವ ಕೆಲಸದಿಂದ ಶುರುಮಾಡಿ, ಚಳಿಗಾಲಕ್ಕೆ ಮಾಂಟೆ ಕಾರ್ಲೋದಲ್ಲಿ, ಬೇಸಗೆಗೆ ಲೂಸರ್ನ್‌ನಲ್ಲಿ ಮ್ಯಾನೇಜರಿಕೆ ಮಾಡಿ, ಕೊನೆಗೆ ಪ್ಯಾರಿಸಿನಲ್ಲಿ ತನ್ನದೇ ಹೆಸರಿನ ಹೋಟೆಲ್ ತೆರೆದ. ಎಲ್ಲರಿಗೂ ಹೀಗಾಗಲಿಲ್ಲ ಎಂಬುದನ್ನು ನಿಮಗೆ ಹೇಳಬೇಕಿಲ್ಲ.

ಅದೇ ಆಲ್ಪ್ಸ್ ಬೆಟ್ಟಗಳ ಇನ್ನೊಂದು ಸೀಜನ್ ಇತ್ತು. ಅದನ್ನು ಪ್ರವಾಸದ ಪುಸ್ತಕಗಳು ಹೇಳುವುದು ಕಡಿಮೆ. ಟಿರೋಲ್, ಫೋರಾರ್ಲ್‌ಬರ್ಗ್, ಗ್ರಾವ್‌ಬ್ಯುಂಡೆನ್ ಎಂಬ ಬೆಟ್ಟದ ಸೀಮೆಗಳಲ್ಲಿ ಹೊಲ ಸಣ್ಣದು, ಮನೆತುಂಬ ಮಕ್ಕಳು. ಮಾರ್ಚ್ ತಿಂಗಳಲ್ಲಿ, ಇನ್ನೂ ಹಿಮ ಕರಗಿರದ ಕಣಿವೆಗಳನ್ನು ದಾಟಿ, ಅಲ್ಲಿನ ಬಡವರ ಮಕ್ಕಳು ಗುಂಪುಗಟ್ಟಿ ಜರ್ಮನಿಯ ಶ್ವಾಬೆನ್ ಸೀಮೆಗೆ ನಡೆದು ಹೋಗುತ್ತಿದ್ದರು. ಎಂಟು ಹತ್ತು ವರ್ಷದ ಮಕ್ಕಳೂ ಇರುತ್ತಿದ್ದರು. ರಾವೆನ್ಸ್‌ಬುರ್ಗ್ ಮೊದಲಾದ ಪೇಟೆಗಳಲ್ಲಿ ಅವರನ್ನು ಸಾಲಾಗಿ ನಿಲ್ಲಿಸಿ, ರೈತರು ನೋಡಿ ಆರಿಸಿ, ಸೀಜನ್ನಿಗೆಂದು ಒಯ್ಯುತ್ತಿದ್ದರು. ದನ ಕಾಯುವುದು, ಹೊಲದ ಕೆಲಸ. ನವೆಂಬರ್‌ನಲ್ಲಿ ಕೈಗೆ ಒಂದಿಷ್ಟು ದುಡ್ಡು, ಮೈಗೆ ಒಂದು ಜೊತೆ ಬಟ್ಟೆ. ಮತ್ತೆ ಬೆಟ್ಟ ಹತ್ತಿ ಮನೆಗೆ. ಶಾಲೆ ಎಂದರೆ ಉಳಿದ ನಾಲ್ಕು ತಿಂಗಳು. ಹೊರಗಿನ ಮಕ್ಕಳಿಗೂ ಶಾಲೆ ಕಡ್ಡಾಯವೆಂದು ಜರ್ಮನಿಯ ವುರ್ಟೆಂಬರ್ಗ್ ಸರಕಾರ 1921ರಲ್ಲಿ ಮಾಡಿದ ಮೇಲೆ ಈ ಪದ್ಧತಿ ಬಹುಮಟ್ಟಿಗೆ ನಿಂತಿತು.

ಕೇಳುಗರೇ, ನಾರಾಯಣಖೇಡದ ತಾಂಡಾದ ಲಂಬಾಣಿ ಅಣ್ಣತಮ್ಮಂದಿರಿಗೆ ಈ ಮಾತು ದೂರದ ಮಾತಾಗಿ ಕೇಳಿಸಲಾರದು. ಮುಂಗಡ ಹಣ ಹಿಡಿದು, ಗಂಡ ಹೆಂಡತಿ ಜೋಡಿಯಾಗಿ, ಕೈಕೂಸನ್ನೂ ಗಂಟನ್ನೂ ಬಂಡಿಗೋ ಲಾರಿಗೋ ಹೇರಿಕೊಂಡು ಕಬ್ಬು ಕಡಿಯಲು ಹೊರಡುವ ಜನ ನಾವು ಕಂಡವರೇ. ಕೆಲವರು ಜಹೀರಾಬಾದಿನ ಸುತ್ತ, ಕೆಲವರು ಬೀದರ್ ಕಡೆ, ಕೆಲವರು ಮಹಾರಾಷ್ಟ್ರಕ್ಕೆ. ಯುಗಾದಿಯ ಹೊತ್ತಿಗೆ ಮರಳಿ ಬರುತ್ತಾರೆ. ತೆಲುಗಿನವರು ವಲಸ ಎನ್ನುತ್ತಾರೆ, ನಾವು ಗುಳೆ ಎನ್ನುತ್ತೇವೆ. ಹೆಸರು ಬೇರೆ, ಬಂಡಿ ಒಂದೇ. ಹೋಗುವವರ ಮಕ್ಕಳನ್ನು ಊರಲ್ಲೇ ಉಳಿಸಿ ಉಣಿಸಿ ಓದಿಸಲು ಆರು ತಿಂಗಳ ವಸತಿ ಕೇಂದ್ರಗಳನ್ನು ನಡೆಸಿದ ಪ್ರಯತ್ನಗಳು ನಮ್ಮ ಭಾಗದಲ್ಲಿ ಆಗಿವೆ. ನನ್ನ ಅಭಿಪ್ರಾಯ ಕೇಳಿದರೆ, ದೊಡ್ಡ ದೊಡ್ಡ ಕಟ್ಟಡಗಳಿಗಿಂತ ಇಂಥ ಒಂದು ಕೋಣೆ, ಒಬ್ಬ ಅಡಿಗೆಯವಳು, ಒಬ್ಬ ಮಾಸ್ತರು ಹೆಚ್ಚು ಕೆಲಸ ಮಾಡುತ್ತಾರೆ. ಆದರೆ ದೀಪಾವಳಿಗೆ ತೆರೆಯಬೇಕಾದದ್ದು ಸಂಕ್ರಾಂತಿಗೆ ತೆರೆದರೆ ಮಕ್ಕಳು ಅಷ್ಟರಲ್ಲಿ ಕಬ್ಬಿನ ಗದ್ದೆಯಲ್ಲಿರುತ್ತಾರೆ.

ಇನ್ನು ನಮ್ಮ ಹೈದರಾಬಾದ್ ಸಂಸ್ಥಾನದಿಂದ ಆ ದಂಡೆಗೆ ಹೋದವರ ವಿಷಯ. ವಾಡಿಯಿಂದ ತಾಂಡೂರಿನ ಮೇಲೆ ಹಾದು ಸಿಕಂದರಾಬಾದಿಗೆ 1874ರಲ್ಲಿ ರೈಲು ಬಂತು. ಹೈದರಾಬಾದಿನಿಂದ ಬೊಂಬಾಯಿಗೆ, ಬೊಂಬಾಯಿಯಿಂದ ಹಡಗಿನಲ್ಲಿ ಸುಯೆಜ್ ಕಾಲುವೆಯ ಮೂಲಕ ಯುರೋಪಿಗೆ. ಹೀಗೆ ವಿಲಾಯತಿಯ ಹೆದ್ದಾರಿ ತಾಂಡೂರಿನ ಎದುರಿಗೇ ಹಾದುಹೋಯಿತು. 1876ರಲ್ಲಿ ದಿವಾನ ಸಾಲಾರ್ ಜಂಗ್ ಅವರು ದೊಡ್ಡ ಪರಿವಾರ ಕಟ್ಟಿಕೊಂಡು ಹೋದರು. ಅವರ ಮನಸ್ಸಿನಲ್ಲಿದ್ದದ್ದು ಮೋಜಲ್ಲ. ಇಂಗ್ಲಿಷರು 1853ರಲ್ಲಿ ಕೈವಶ ಮಾಡಿಕೊಂಡಿದ್ದ ಬೇರಾರ್ ಪ್ರಾಂತವನ್ನು ಮರಳಿ ಕೇಳುವುದು. ರೋಮ್ ನಗರದಲ್ಲಿ ಬೆನ್ಜೋನಿ ಎಂಬ ಶಿಲ್ಪಿಯ ಅಮೃತಶಿಲೆಯ ಹೆಣ್ಣುಮೂರ್ತಿಯೊಂದನ್ನು ಕೊಂಡರು. ಪ್ಯಾರಿಸಿನಲ್ಲಿ ಗ್ರ್ಯಾಂಡ್ ಹೋಟೆಲಿನ ಮೆಟ್ಟಿಲ ಮೇಲೆ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಆ ಕಾಲಲ್ಲೇ ಲಂಡನ್‌ಗೆ ಹೋದರು. ಆಕ್ಸ್‌ಫರ್ಡ್ ಅವರಿಗೆ ಗೌರವದ ಪದವಿ ಕೊಟ್ಟಿತು, ಔತಣಗಳು ನಡೆದವು, ಬೇರಾರ್ ಮಾತ್ರ ಮರಳಲಿಲ್ಲ. ಖರ್ಚು ಎಲ್ಲಿಂದ ಬರುತ್ತಿತ್ತು? ಜಾಗೀರುಗಳಿಂದ. ಕನ್ನಡ ನಾಡಿನ ಕೊಪ್ಪಳ ಸಾಲಾರ್ ಜಂಗರ ಜಾಗೀರಾಗಿತ್ತು. ನಿಜಾಮರ ಸ್ವಂತ ಖರ್ಚಿಗೆಂದು ಮೀಸಲಾದ ಸರ್ಫ್-ಎ-ಖಾಸ್ ಭೂಮಿ ರಾಜ್ಯದ ಸುಮಾರು ಹತ್ತನೆಯ ಒಂದು ಭಾಗ. ಜೋಳ ರಾಶಿ ಮಾಡಿದವನ ಕಂದಾಯ ಪ್ಯಾರಿಸಿನ ಹೋಟೆಲಿನ ಬಿಲ್ಲಾಗುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಕಥೆ 1931ರದು. ಅದರ ಬೇರು 1924ರಲ್ಲಿದೆ. ಆ ವರ್ಷ ಮಾರ್ಚ್ 3ರಂದು ತುರ್ಕಿ ದೇಶ ಖಲೀಫ ಪದವಿಯನ್ನು ರದ್ದು ಮಾಡಿತು. ಕೊನೆಯ ಖಲೀಫ ಎರಡನೆಯ ಅಬ್ದುಲ್ ಮಜೀದರನ್ನು ಮರುದಿನ ನಸುಕಿನಲ್ಲಿ ಇಸ್ತಾಂಬುಲಿನಿಂದ ಹೊರಗೆ ಚತಾಲ್ಜಾ ಎಂಬ ಸಣ್ಣ ಸ್ಟೇಷನ್ನಿಗೆ ಒಯ್ದು ಓರಿಯೆಂಟ್ ಎಕ್ಸ್‌ಪ್ರೆಸ್ ಹತ್ತಿಸಿದರು. ಜಗತ್ತಿನಲ್ಲೇ ಅತಿ ಸುಖದ ರೈಲು ಅದು. ಅದರಲ್ಲಿ ಕೂತವರು ಗಡೀಪಾರಾದವರು. ಜೊತೆಯಲ್ಲಿ ಹತ್ತು ವರ್ಷದ ಮಗಳು ದುರ್ರುಶೆಹವಾರ್. ಮೊದಲು ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಂಡೆಯ ಟೆರಿಟೆಯಲ್ಲಿ ಹೋಟೆಲ್ ವಾಸ, ಅದೇ ವರ್ಷ ನೀಸ್‌ಗೆ. ದಂಡೆಯ ಮೇಲೆ ಹವಾ ತಿನ್ನಲು ಬಂದ ಸಾಹುಕಾರರ ಪಕ್ಕದಲ್ಲೇ ದೇಶ ಕಳೆದುಕೊಂಡ ರಷ್ಯದವರೂ ತುರ್ಕಿಯವರೂ ಬಿಡಾರ ಮಾಡಿದ್ದರು. ಖಲೀಫರಿಗೆ ಆದಾಯವೆಂದರೆ ನಮ್ಮ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಕಳಿಸುತ್ತಿದ್ದ ತಿಂಗಳಿಗೆ 300 ಪೌಂಡು.

1931ರ ನವೆಂಬರ್ 12ರಂದು ನೀಸ್‌ನ ವಿಲ್ಲಾ ಕಾರಾಬಸೆಲ್‌ನಲ್ಲಿ ಎರಡು ಮದುವೆಯಾದವು. ನಿಜಾಮರ ಹಿರಿಯ ಮಗ ಆಜಂ ಜಾಹರಿಗೆ ದುರ್ರುಶೆಹವಾರ್. ಕಿರಿಯ ಮಗ ಮುಅಜ್ಜಂ ಜಾಹರಿಗೆ ಅದೇ ವಂಶದ ನಿಲೋಫರ್. ಮದುಮಗಳೊಬ್ಬಳಿಗೆ 17, ಇನ್ನೊಬ್ಬಳಿಗೆ 15. ಎಂಟು, ಹತ್ತರ ವಯಸ್ಸಿನಲ್ಲಿ ಊರು ಬಿಟ್ಟ ಮಕ್ಕಳು ಅವರು. ನಿಜಾಮರು ಮದುವೆಗೆ ಹೋಗಲಿಲ್ಲ. ಡಿಸೆಂಬರ್ 12ರಂದು ವೆನಿಸ್‌ನಲ್ಲಿ ನವದಂಪತಿಗಳು ಪಿಲ್ಸ್ನಾ ಎಂಬ ಹಡಗು ಹತ್ತಿದರು.

ಈಗ ಇನ್ನೊಬ್ಬ ಪ್ರಯಾಣಿಕನನ್ನು ನೋಡಿ. ಲಂಡನ್ನಿನ ಎರಡನೆಯ ದುಂಡು ಮೇಜಿನ ಪರಿಷತ್ತು ಮುಗಿಸಿದ ಮಹಾತ್ಮಾ ಗಾಂಧಿಯವರು ಅದೇ ಡಿಸೆಂಬರ್ 6ರಿಂದ 11ರವರೆಗೆ ಸ್ವಿಟ್ಜರ್ಲೆಂಡಿನಲ್ಲಿ ಸಾಹಿತಿ ರೊಮೇನ್ ರೋಲಾ ಅವರ ಅತಿಥಿ. ರೋಲಾ ಇದ್ದ ವಿಲ್‌ನವ್ ಊರಿಗೂ ಖಲೀಫರು ಮೊದಲು ಇಳಿದುಕೊಂಡಿದ್ದ ಟೆರಿಟೆಗೂ ನಡುವೆ ನಡೆದು ಹೋಗುವಷ್ಟೇ ದೂರ. ಅಲ್ಲಿಂದ ರೋಮ್, ರೋಮಿನಿಂದ ಬ್ರಿಂಡಿಸಿ ಬಂದರು, ಡಿಸೆಂಬರ್ 14ರಂದು ಹಡಗು. ಯಾವ ಹಡಗು? ಅದೇ ಪಿಲ್ಸ್ನಾ. ಒಂದೇ ಹಡಗಿನಲ್ಲಿ ಪಂಚೆಯುಟ್ಟ ಗಾಂಧಿ, ಅವರ ಚರಕ, ಹಾಗೆಯೇ ಆಗಿನ ಕಾಲಕ್ಕೆ ಜಗತ್ತಿನ ಅತಿ ಶ್ರೀಮಂತನೆನಿಸಿದವನ ಮಕ್ಕಳು ಸೊಸೆಯರು. ರಾಜಕುಮಾರಿಯರು ಅವರನ್ನು ಭೇಟಿಯಾದರೆಂದು ಆಗ ವರದಿಯಾಯಿತು. ಡಿಸೆಂಬರ್ 28ರಂದು ಬೊಂಬಾಯಿ. ಅಲ್ಲಿಂದ ನಿಜಾಮರ ಖಾಸಗಿ ರೈಲು. ಬೊಂಬಾಯಿಯಿಂದ ಹೈದರಾಬಾದಿಗೆ ದೊಡ್ಡ ಗೇಜಿನ ನೇರ ದಾರಿ ವಾಡಿ-ತಾಂಡೂರಿನ ಮೇಲಿನದೇ. 1932ರ ಜನವರಿ 4ರಂದು ಚೌಮಹಲ್ಲಾ ಅರಮನೆಯಲ್ಲಿ ಔತಣ. ಅದೇ ಜನವರಿ 4ರಂದು ಬೊಂಬಾಯಿಯಲ್ಲಿ ಗಾಂಧಿಯವರ ದಸ್ತಗಿರಿ.

ಆ ಇಬ್ಬರು ಹೆಣ್ಣುಮಕ್ಕಳ ಮುಂದಿನ ಬದುಕು ನಮಗೆ ಸಂಬಂಧಿಸಿದ್ದು. ದುರ್ರುಶೆಹವಾರ್ ಹೆರಿಗೆಗೆ ತವರಿಗೆ ಹೋದರು. ತವರು ಎಂದರೆ ನೀಸ್. 1933ರ ಅಕ್ಟೋಬರ್ 6ರಂದು ಅಲ್ಲಿ ಹುಟ್ಟಿದ ಮಗನೇ ಮುಕರ್ರಂ ಜಾಹ್. ಅವರು 2023ರ ಜನವರಿಯಲ್ಲಿ ಇಸ್ತಾಂಬುಲಿನಲ್ಲಿ ತೀರಿಕೊಂಡಾಗ ದೇಹವನ್ನು ಹೈದರಾಬಾದಿಗೆ ತಂದು ಮಕ್ಕಾ ಮಸೀದಿಯ ಆವರಣದಲ್ಲಿ ದಫನ್ ಮಾಡಿದರು. ದುರ್ರುಶೆಹವಾರ್ ಹೆಸರಿನಲ್ಲಿ ಹಳೆ ನಗರದ ಪುರಾನಿ ಹವೇಲಿಯಲ್ಲಿ ಮಕ್ಕಳ ದವಾಖಾನೆಯಿದೆ.

ನಿಲೋಫರ್ ಅವರಿಗೆ ಮಕ್ಕಳಾಗಲಿಲ್ಲ. ಅವರ ಹತ್ತಿರ ರಫತ್ ಎಂಬ ಕೆಲಸದ ಹೆಣ್ಣುಮಗಳಿದ್ದಳು. ಆಕೆ ಹೆರಿಗೆಯಲ್ಲಿ ತೀರಿಕೊಂಡಳು. ರಾಜಮನೆಯವರಿಗೆ ಯುರೋಪಿನ ಡಾಕ್ಟರುಗಳಿದ್ದರು. ಕೆಲಸದವಳಿಗೆ ಇರಲಿಲ್ಲ. ಇನ್ನು ಮೇಲೆ ರಫತ್‌ಗಳು ಸಾಯಬಾರದು ಎಂದು ನಿಲೋಫರ್ ಹಟ ಹಿಡಿದದ್ದರಿಂದ ಬಾಣಂತಿ ಮತ್ತು ಮಕ್ಕಳ ದವಾಖಾನೆ ಕಟ್ಟಲು ಸಾಧ್ಯವಾಯಿತು. 1953ರಲ್ಲಿ ಅದು ತೆರೆಯುವ ಹೊತ್ತಿಗೆ ಮದುವೆ ಮುರಿದು ಅವರು ಫ್ರಾನ್ಸಿಗೆ ಮರಳಿದ್ದರು. 1989ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. ನಮ್ಮ ಊರುಗಳಲ್ಲಿ ಕೂಸಿಗೆ ಉಸಿರು ಸಿಗದೆ ಹೋದರೆ ಡಾಕ್ಟರು ಒಂದು ಚೀಟಿ ಬರೆಯುತ್ತಾರೆ. ಅವ್ವಂದಿರು ‘ನಿಲೋಫರ್‌ಗೆ ಬರದಾರ’ ಎನ್ನುತ್ತಾರೆ. ತೆಲುಗಿನ ಅಮ್ಮಂದಿರೂ ಅದೇ ಹೆಸರನ್ನೇ ಹೇಳುತ್ತಾರೆ. ಅದು ಒಬ್ಬ ಹೆಣ್ಣುಮಗಳ ಹೆಸರೆಂದು, ಆಕೆ ನೀಸ್‌ನ ದಂಡೆಯಿಂದ ಬಂದವಳೆಂದು ಎಷ್ಟು ಮಂದಿಗೆ ಗೊತ್ತೋ. ರಫತ್ ಹೆಸರಂತೂ ಯಾವ ಬೋರ್ಡಿನ ಮೇಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ನೀಸ್ ದಂಡೆ ಕೂಡ ಬಹಳ ಕಾಲ ಸಿರಿವಂತರ ಸ್ವತ್ತಾಗಿ ಉಳಿಯಲಿಲ್ಲ. 1936ರ ಜೂನ್‌ನಲ್ಲಿ ಫ್ರಾನ್ಸಿನ ಹೊಸ ಸರಕಾರ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಎಂದು ಕಾನೂನು ಮಾಡಿತು, ರೈಲಿನ ಟಿಕೆಟನ್ನೂ ಅಗ್ಗ ಮಾಡಿತು. ಆ ಬೇಸಗೆಯಲ್ಲಿ ಎಷ್ಟೋ ಗಿರಣಿ ಕಾರ್ಮಿಕರು ಜನ್ಮದಲ್ಲಿ ಮೊದಲ ಸಲ ಸಮುದ್ರ ಕಂಡರು. ಈಗ ನಮ್ಮ ಹೈದರಾಬಾದ್, ಬೆಂಗಳೂರುಗಳಿಂದಲೂ ಜನ ಗುಂಪುಗುಂಪಾಗಿ ಹೋಗಿ ಸ್ವಿಟ್ಜರ್ಲೆಂಡಿನ 3454 ಮೀಟರ್ ಎತ್ತರದ ಯುಂಗ್‌ಫ್ರಾವ್ ಸ್ಟೇಷನ್ನಿನಲ್ಲಿ ಇಳಿದು ಫೋಟೋ ತೆಗೆಸಿಕೊಳ್ಳುತ್ತಾರೆ. 1912ರಲ್ಲಿ ಪೂರ್ತಿಯಾದ ಆ ರೈಲು ದಾರಿಯ ಸುರಂಗವನ್ನು ಬಹುಪಾಲು ಕೊರೆದವರು ಇಟಲಿಯಿಂದ ಬಂದ ಕೂಲಿಗಳು. ವೆನಿಸ್ ನಗರವಂತೂ ಜನದಟ್ಟಣೆ ತಾಳಲಾರದೆ, ಬಂದು ಅದೇ ದಿನ ಹೋಗುವವರಿಂದ 2024ರಲ್ಲಿ ಕೆಲವು ದಿನಗಳಂದು ಐದು ಯುರೋ ವಸೂಲಿ ಮಾಡತೊಡಗಿತು. ಜಾತ್ರೆಯ ಗಾಡಿ ಪಟ್ಟಿ ಇದ್ದಂತೆ ಎಂದುಕೊಳ್ಳಿ.

ಅಷ್ಟು ದೂರ ಹೋಗಲಾಗದವರಿಗೆ ಈ ಕಥೆಯ ಗುರುತುಗಳು ಹೈದರಾಬಾದಿನಲ್ಲೇ ಇವೆ. ತಾಂಡೂರಿನವರು ಬೆಳಗಿನ ರೈಲಿಗೆ, ಜಹೀರಾಬಾದ್, ನಾರಾಯಣಖೇಡದವರು ಬಸ್ಸಿಗೆ ಹೋದರೆ ಒಂದೇ ದಿನದಲ್ಲಿ ನೋಡಿ ಬರಬಹುದು. ಸಾಲಾರ್ ಜಂಗರು ರೋಮಿನಲ್ಲಿ ಕೊಂಡ ಮೂರ್ತಿ ಮೂಸಿ ದಂಡೆಯ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿದೆ. ಮುಸುಕಿನ ರೆಬೆಕ್ಕಾ ಎಂದು ಕೇಳಿದರೆ ತೋರಿಸುತ್ತಾರೆ. ಕಲ್ಲಿನ ಮುಸುಕಿನೊಳಗಿಂದ ಮುಖ ಕಾಣುತ್ತದೆ. ತಾಂಡೂರಿನ ಕಲ್ಲು ಗಣಿಯಲ್ಲಿ ಉಳಿ ಹಿಡಿದವರು ಅದರ ಮುಂದೆ ಉಳಿದವರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಾರೆ. 1932ರ ಔತಣ ನಡೆದ ಚೌಮಹಲ್ಲಾ ಅರಮನೆ ಅಲ್ಲಿಂದ ದೂರವಿಲ್ಲ, ಚಾರ್‌ಮಿನಾರ್ ಪಕ್ಕದಲ್ಲೇ. ಶುಕ್ರವಾರ ಮಾತ್ರ ಹೋಗಬೇಡಿ, ಎರಡಕ್ಕೂ ಅವತ್ತು ರಜೆ.